ಅಡಿಕೆ ಆದ ಮೇಲೆ

ಭದ್ರಾವತಿಗೂ ಶಿವಮೊಗ್ಗಕ್ಕೂ ನಡುವೆ ಇರುವುದು ಇಪ್ಪತ್ತು ಕಿಲೋಮೀಟರ್ ಆಸುಪಾಸು. ಖಾಸಗಿ ಬಸ್ಸು ಹತ್ತಿದರೆ ಒಂದು ಕುರುಕಲು ಪೊಟ್ಟಣ ಮುಗಿಯುವಷ್ಟರಲ್ಲಿ ಇಳಿಯುವ ಜಾಗ ಬಂದಿರುತ್ತದೆ. ದುಡ್ಡಿನ ವಿಚಾರದಲ್ಲಿ ಮಾತ್ರ ಈ ಎರಡು ಊರುಗಳಿಗೆ ಒಂದಕ್ಕೊಂದು ಸಂಬಂಧವೇ ಇರಲಿಲ್ಲ. ಭದ್ರಾವತಿಯಲ್ಲಿ ದುಡ್ಡು ತಾರೀಕು ನೋಡಿ ಬರುತ್ತಿತ್ತು, ಶಿವಮೊಗ್ಗದಲ್ಲಿ ಮಳೆ ಬಿಸಿಲು ನೋಡಿ ಬರುತ್ತಿತ್ತು. ನಾನು ಮೊದಲನೆಯ ಊರಲ್ಲಿ ಹುಟ್ಟಿ ಬೆಳೆದು, ಎರಡನೆಯದಕ್ಕೆ ಮದುವೆಯಾಗಿ ಬಂದು, 1995ರಲ್ಲಿ ಸಾಗರ ರಸ್ತೆಯ ಬದಿಯ ಒಂದು ಶೀಟಿನ ಶೆಡ್ಡಿನಲ್ಲಿ ನೋಟ್‌ಬುಕ್ ತಯಾರಿಸುವ ಸಣ್ಣ ಘಟಕ ಹಾಕಿದವಳು. ವ್ಯಾಪಾರ ನನಗೆ ಕಲಿಸಿದ್ದೆಲ್ಲ ಹೆಚ್ಚುಕಡಿಮೆ ಈ ಎರಡು ಊರುಗಳ ನಡುವಿನ ಜಗಳದಿಂದಲೇ ಬಂದದ್ದು.

ಭದ್ರಾವತಿಯನ್ನು ಹಿಂದೆ ಬೆಂಕಿಪುರ ಎನ್ನುತ್ತಿದ್ದರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಹೂಡಿದ ಕಬ್ಬಿಣದ ಕಾರ್ಖಾನೆ 1923ರ ಜನವರಿಯಲ್ಲಿ ಉತ್ಪಾದನೆ ಆರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಭದ್ರೆಯ ನೀರು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ, ಅಂದರೆ ಎಂಪಿಎಂ, ಹುಟ್ಟಿತು. ಒಂದು ಕಡೆ ಕಬ್ಬಿಣ, ಇನ್ನೊಂದು ಕಡೆ ಕಾಗದ, ನಡುವೆ ಊರು. ಎರಡರಲ್ಲಿ ಒಂದರ ಗೇಟಿನೊಳಗೆ ಹೋದರೆ ಜೀವನ ದಡ ಸೇರಿತು ಅಂತ ಲೆಕ್ಕ. ನಮ್ಮಪ್ಪ ಎಂಪಿಎಂ ಫಿನಿಶಿಂಗ್ ಹೌಸಿನಲ್ಲಿದ್ದರು. ಪೇಪರ್‌ಟೌನಿನಲ್ಲಿ ನಮ್ಮದು ಸೈರನ್ ಕೇಳಿ ಅಕ್ಕಿ ತೊಳೆಯುತ್ತಿದ್ದ ಮನೆ. ಸಂಬಳದ ದಿನ ದಿನಸಿ ಅಂಗಡಿಯ ಬಾಕಿ ಚುಕ್ತಾ, ಹಾಲಿನವರದು ಚುಕ್ತಾ, ಚೀಟಿ ಕಟ್ಟಿ ಉಳಿದದ್ದು ಅಮ್ಮನ ಡಬ್ಬಿಗೆ. ಯಾರ ಗ್ರೇಡ್ ಯಾವುದು, ಯಾರಿಗೆ ಈ ತಿಂಗಳು ಎಷ್ಟು ಓಟಿ ಎನ್ನುವುದು ಸಾಲುಮನೆಗಳಲ್ಲೆಲ್ಲ ಗೊತ್ತಿರುತ್ತಿತ್ತು. ಮುಂದಿನ ತಿಂಗಳು ಮನೆಗೆ ಎಷ್ಟು ದುಡ್ಡು ಬರುತ್ತದೆ ಎಂದು ತಿಳಿಯದೆ ಯಾರಾದರೂ ರಾತ್ರಿ ನಿದ್ದೆ ಮಾಡಬಲ್ಲರು ಎಂಬುದೇ ನನಗೆ ಮದುವೆಯಾಗುವ ತನಕ ಗೊತ್ತಿರಲಿಲ್ಲ.

ಶಿವಮೊಗ್ಗದ ಮನೆಯಲ್ಲಿ ಮಾವನವರು ಎಪಿಎಂಸಿ ಯಾರ್ಡಿನ ಒಂದು ಅಡಿಕೆ ಮಂಡಿಯಲ್ಲಿ ಗುಮಾಸ್ತರು. ತಿಂಗಳ ಸಂಬಳವೇನೋ ಇತ್ತು, ಆದರೆ ಅದು ಹೆಸರಿಗೆ. ಮಂಡಿಯ ಯಜಮಾನರ ಕೈಯಲ್ಲಿ ದುಡ್ಡು ಓಡಾಡಿದಾಗ ಇವರಿಗೂ ಬರುತ್ತಿತ್ತು, ಇಲ್ಲದಾಗ ‘ಬರೆದುಕೊಳ್ಳಿ’. ಮಂಡಿಯ ವ್ಯವಹಾರ ತಿಳಿಯದವರಿಗೆ ಒಂದು ಮಾತು. ಬೆಳೆಗಾರ ಮಳೆಗಾಲದ ಖರ್ಚಿಗೆ, ಮಗಳ ಮದುವೆಗೆ, ತೋಟಕ್ಕೆ ಔಷಧಿ ಹೊಡೆಸುವುದಕ್ಕೆ ಮಂಡಿಯಿಂದ ಮುಂಗಡ ಒಯ್ಯುತ್ತಾನೆ. ಅಕ್ಟೋಬರ್ ಹೊತ್ತಿಗೆ ಕೊನೆ ಇಳಿಸುವುದು ಶುರುವಾಗಿ ಜನವರಿ ತನಕ ನಡೆಯುತ್ತದೆ. ಹಸಿ ಅಡಿಕೆ ಸುಲಿದು, ಚೊಗರಲ್ಲಿ ಬೇಯಿಸಿ, ಒಣಗಿಸಿ, ಆರಿಸಿ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಮಾಡಿ ಮೂಟೆ ತರುತ್ತಾನೆ. ಮಾರಿದ್ದರಲ್ಲಿ ಮುಂಗಡ ಮುರಿದುಕೊಂಡು ಉಳಿದದ್ದು ಅವನ ಕೈಗೆ. ಧಾರಣೆ ಹಿಡಿಸದಿದ್ದರೆ ಮೂಟೆ ಹಾಗೇ ಕೂರುತ್ತದೆ, ಅದರ ಜೊತೆ ಊರಿನ ಅರ್ಧ ದುಡ್ಡೂ ಕೂರುತ್ತದೆ. 1939ರಲ್ಲಿ ಮಾಮ್ಕೋಸ್‌ನಂಥ ಸಹಕಾರ ಸಂಘ ಹುಟ್ಟಿದ್ದೇ ಬೆಳೆಗಾರನಿಗೆ ಮಾರಲು ಇನ್ನೊಂದು ಬಾಗಿಲು ಬೇಕು ಅಂತ. ಆದರೂ ಈ ಕೊಡುಕೊಳ್ಳುವ ಚಕ್ರ ಬದಲಾಗಲಿಲ್ಲ. ದರ್ಜಿ, ಡಾಕ್ಟರು, ಬಟ್ಟೆ ಅಂಗಡಿ, ಪಾತ್ರೆ ಅಂಗಡಿ ಎಲ್ಲರೂ ಅದೇ ಚಕ್ರಕ್ಕೆ ಕಟ್ಟಿಕೊಂಡವರು.

ಇಂಥ ಊರಲ್ಲಿ ನೋಟ್‌ಬುಕ್ ಮಾಡಬೇಕು ಅಂತ ಹೊಳೆದದ್ದಕ್ಕೆ ದೊಡ್ಡ ಕಥೆ ಏನಿಲ್ಲ. ನಾನು ಬಿ.ಕಾಂ. ಮುಗಿಸಿ ಮನೆಯಲ್ಲಿದ್ದೆ. ಯಜಮಾನರು ಹೈಸ್ಕೂಲು ಮೇಷ್ಟರು, ಜೂನ್ ಬಂತೆಂದರೆ ಮಕ್ಕಳು ಯಾವ ಪುಸ್ತಕ ಎಷ್ಟು ಕೊಳ್ಳುತ್ತಾರೆ ಎಂಬುದು ಕಣ್ಣೆದುರಿಗೇ ಇತ್ತು. ಅಪ್ಪನಿಗೆ ಕಾಗದ ಗೊತ್ತಿತ್ತು. ಸರ್ಕಾರ 1993ರಲ್ಲಿ ನಿರುದ್ಯೋಗಿ ಯುವಕರಿಗೆಂದು ಪ್ರಧಾನಮಂತ್ರಿ ರೋಜ್‌ಗಾರ್ ಯೋಜನೆ ತಂದಿತ್ತು. ಒಂದು ಲಕ್ಷದವರೆಗೆ ಸಾಲ, ಅಡಮಾನ ಬೇಡ, ಕೈಯಿಂದ ಶೇಕಡಾ 5 ಹಾಕಿದರೆ ಸಾಕು, ಸಬ್ಸಿಡಿ ಶೇಕಡಾ 15, ಆದರೆ 7,500 ರೂಪಾಯಿ ಮೀರುವಂತಿಲ್ಲ. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಅರ್ಜಿ, ಸಂದರ್ಶನ, ತರಬೇತಿ. ಯೋಜನಾ ವರದಿ ಟೈಪ್ ಮಾಡಿಸಿ ಕೊಡುವ ಒಬ್ಬರಿದ್ದರು. ಮೇಣದಬತ್ತಿ ಘಟಕದ ವರದಿಯನ್ನೇ ಹೆಸರು ಬದಲಾಯಿಸಿ ನೋಟ್‌ಬುಕ್ ಘಟಕದ್ದಾಗಿ ಮಾಡಿಕೊಟ್ಟರು ಅಂತ ನನಗೆ ಈಗಲೂ ಗುಮಾನಿ. ಅದರಲ್ಲಿ ಹನ್ನೆರಡು ತಿಂಗಳಿಗೆ ಹನ್ನೆರಡು ಕಾಲಂ, ಹನ್ನೆರಡರಲ್ಲೂ ಒಂದೇ ಮಾರಾಟ, ಒಂದೇ ಲಾಭ. ನೋಡಿ ನನಗೆ ತುಂಬ ಸಮಾಧಾನವಾಗಿತ್ತು. ಭದ್ರಾವತಿಯವಳಲ್ಲವೇ. ಬ್ಯಾಂಕಿನ ಮ್ಯಾನೇಜರು ವರದಿಯನ್ನು ಮಡಚಿಟ್ಟು ಒಂದೇ ಪ್ರಶ್ನೆ ಕೇಳಿದರು: “ಯಾರಿಗೆ ಮಾರ್ತೀರಿ, ಅವರು ಯಾವಾಗ ಕೊಡ್ತಾರೆ?” ಉತ್ತರದ ಮೊದಲರ್ಧ ಹೇಳಿದೆ. ಎರಡನೆಯ ಅರ್ಧ ಹೇಳುವುದಕ್ಕೆ ನನಗೆ ಕೆಲವು ವರ್ಷ ಬೇಕಾದವು.

ಸೆಕೆಂಡ್‌ಹ್ಯಾಂಡ್ ಕಟಿಂಗ್ ಮೆಷಿನ್, ಕೈಚಕ್ರ ತಿರುಗಿಸುವಂಥದ್ದು. ಒಂದು ಹೊಲಿಗೆ ಯಂತ್ರ, ಒಂದು ರೂಲಿಂಗ್ ಮೆಷಿನ್, ಮರದ ಮೇಜುಗಳು. ಕೈಚಕ್ರದ್ದನ್ನೇ ಕೊಂಡದ್ದಕ್ಕೆ ಕಾರಣ ಲೋಡ್ ಶೆಡ್ಡಿಂಗ್. ಶರಾವತಿಯಿಂದ ರಾಜ್ಯಕ್ಕೆಲ್ಲ ಕರೆಂಟು ಹಂಚುವ ಜಿಲ್ಲೆಯಲ್ಲಿ ನಾವು ಮಧ್ಯಾಹ್ನವೆಲ್ಲ ಬೆವರಿ ಕಾಗದ ಕತ್ತರಿಸುತ್ತಿದ್ದೆವು.

ಮೊದಲ ಕಾಗದ ಬಂದ ದಿನ ಅಪ್ಪ ಶೆಡ್ಡಿಗೆ ಬಂದಿದ್ದರು. ಬಂದವರು ಯಂತ್ರ ನೋಡಲಿಲ್ಲ. ಬಂಡಲ್ ಬಿಚ್ಚಿ ಒಂದು ಹಾಳೆ ಎಳೆದು, ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಹರಿದರು. ಉದ್ದಕ್ಕೆ ಹರಿದದ್ದು ಗೆರೆ ಹೊಡೆದಂತೆ ನೆಟ್ಟಗೆ ಹೋಯಿತು, ಅಡ್ಡಕ್ಕೆ ಹರಿದದ್ದು ಹಲ್ಲುಹಲ್ಲಾಗಿ ಎಲ್ಲೋ ಹೊರಟಿತು. ಆಮೇಲೆ ಅಂಗೈಯಗಲದ ಒಂದು ತುಂಡನ್ನು ಒಂದೇ ಮಗ್ಗುಲು ಒದ್ದೆ ಮಾಡಿ ಮೇಜಿನ ಮೇಲಿಟ್ಟರು. ಅದು ಸುರುಳಿ ಸುತ್ತಿಕೊಂಡಿತು. “ಯಾವ ಕಡೆ ಸುತ್ತಿತು ನೋಡು. ಮೆಷಿನ್ ಮೇಲೆ ಕಾಗದ ಓಡುವಾಗ ನಾರೆಲ್ಲ ಓಡಿದ ದಿಕ್ಕಿಗೇ ಮಲಗ್ತವೆ. ನೀರು ಕುಡಿದರೆ ನಾರು ದಪ್ಪ ಆಗುತ್ತೆ, ಉದ್ದ ಆಗಲ್ಲ. ಪುಸ್ತಕದ ಬೆನ್ನು ಎತ್ತಲಾಗೋ ನಾರೂ ಅತ್ತಲಾಗೇ ಇರಬೇಕು. ಇಲ್ಲದಿದ್ರೆ ಆಗುಂಬೆ ಮಳೆಗೆ ನಿನ್ನ ಪುಸ್ತಕ ಹಪ್ಪಳ ಆಗುತ್ತೆ.”

ಇದು ಕೇಳಲು ಸರಳ. ಮಾಡಲು ದುಡ್ಡು ಬೇಕು. ಹಾಳೆಯ ಅಳತೆಯೂ ಪುಸ್ತಕದ ಅಳತೆಯೂ ಹೊಂದದಿದ್ದಾಗ ನಾರಿನ ದಿಕ್ಕು ಸರಿ ಇಡಲು ಹೋದರೆ ಅಂಚಿನ ರದ್ದಿ ಹೆಚ್ಚಾಗುತ್ತದೆ, ರದ್ದಿ ಉಳಿಸಲು ಹೋದರೆ ನಾರು ಅಡ್ಡಡ್ಡ ಆಗುತ್ತದೆ. ಹೊರಗಿನಿಂದ ಲಾರಿಗಟ್ಟಲೆ ಬರುತ್ತಿದ್ದ ಅಗ್ಗದ ಪುಸ್ತಕದವರು ರದ್ದಿ ಉಳಿಸುತ್ತಿದ್ದರು. ಬಯಲುಸೀಮೆಯಲ್ಲಿ ಅದರಿಂದ ಏನೂ ಆಗುವುದಿಲ್ಲ. ತೀರ್ಥಹಳ್ಳಿ, ಹೊಸನಗರದಲ್ಲಿ ಜುಲೈ ಹೊತ್ತಿಗೆ ಆ ಪುಸ್ತಕದ ರಟ್ಟು ಬಾಯಿ ತೆರೆದು ನಿಲ್ಲುತ್ತಿತ್ತು. ನಾನು ದಿಕ್ಕು ಸರಿ ಇಡುವುದು ಅಂತ ಮಾಡಿಕೊಂಡೆ. ಇದಕ್ಕಾಗಿ ಯಾವ ಅಂಗಡಿಯವರೂ ಒಂದು ಪೈಸೆ ಹೆಚ್ಚು ಕೊಡಲಿಲ್ಲ, ಅದನ್ನೂ ಹೇಳಿಬಿಡಬೇಕು. ಮರುವರ್ಷ ನನ್ನನ್ನು ಕೂರಿಸಿ ಕಾಫಿ ಕೊಟ್ಟು ಅದೇ ರೇಟಿಗೆ ಮತ್ತೆ ಆರ್ಡರ್ ಕೊಟ್ಟರು, ಅಷ್ಟೆ. ಗುಣಮಟ್ಟಕ್ಕೆ ಸಿಗುವ ಬೆಲೆ ಬಹಳ ಸಲ ಇಷ್ಟೇ ಇರುತ್ತದೆ, ಅದು ಕಡಿಮೆಯೇನಲ್ಲ.

ಅಂಟಿನದು ಇನ್ನೊಂದು ತಲೆನೋವು. ಮೈದಾ ಅಂಟು ಮಳೆಗಾಲದಲ್ಲಿ ಒಣಗುವುದಿಲ್ಲ, ಬೂಸಲು ಹಿಡಿಯುತ್ತದೆ, ಹುಳ ಬರುತ್ತದೆ. ಬೈಂಡಿಂಗ್‌ನವರು ಅದಕ್ಕೆ ಚೂರು ಮೈಲುತುತ್ತ ಹಾಕಿ ಕುದಿಸುತ್ತಾರೆ. ಅಡಿಕೆಗೆ ಕೊಳೆರೋಗ ಬಾರದಂತೆ ಸುಣ್ಣದ ಜೊತೆ ಬೆರೆಸಿ ಹೊಡೆಯುತ್ತಾರಲ್ಲ, ಅದೇ ಮೈಲುತುತ್ತ. ಮಳೆ ಜೋರಾದ ವರ್ಷ ಮಾರುಕಟ್ಟೆಯಲ್ಲಿ ಅದು ಸಿಗುವುದು ಕಷ್ಟವಾಗುತ್ತಿತ್ತು. ಅಂಗಡಿಯಲ್ಲಿ ಮೈಲುತುತ್ತಕ್ಕೆ ಕ್ಯೂ ನಿಂತಿದೆ ಎಂದರೆ ನನ್ನ ಬಾಕಿ ವಸೂಲಿಗೂ ಆ ವರ್ಷ ಕಷ್ಟವಿದೆ ಎಂಬುದು ಆಮೇಲೆ ಅರ್ಥವಾಯಿತು.

1995 ಕಾಗದ ಕೊಳ್ಳಲು ಕೆಟ್ಟ ವರ್ಷ. ಪ್ರಪಂಚದಲ್ಲೆಲ್ಲ ಪಲ್ಪಿನ ಬೆಲೆ ಏರಿ ಕೂತಿತ್ತು, ಮರುವರ್ಷ ದಬಕ್ಕನೆ ಬಿತ್ತು. ಎಲ್ಲೋ ಕೆನಡಾದಲ್ಲೋ ಫಿನ್‌ಲ್ಯಾಂಡಿನಲ್ಲೋ ಆಗುವ ಏರಿಳಿತ ಸಾಗರ ರಸ್ತೆಯ ಶೆಡ್ಡಿನಲ್ಲಿ ಪೇರಿಸಿಟ್ಟ ರೀಮುಗಳ ಮೇಲೆ ಬಂದು ಕೂರುತ್ತದೆ ಎಂದು ಯಾವ ತರಬೇತಿಯಲ್ಲೂ ಹೇಳಿರಲಿಲ್ಲ. ಅಪ್ಪ ಮಾತ್ರ ಕಾರ್ಖಾನೆಯ ಮಾತು ಕೇಳಿಕೊಂಡು ಬಂದು, ಒಂದು ಸೀಸನ್ನಿಗೆ ಸಾಕಾಗುವಷ್ಟೇ ತಗೋ, ಸಾಹುಕಾರನಂತೆ ಪೇರಿಸಬೇಡ ಎಂದಿದ್ದರು. ನನ್ನ ಹತ್ತಿರ ಪೇರಿಸುವಷ್ಟು ದುಡ್ಡೂ ಇರಲಿಲ್ಲ. ಬಡತನ ಕೆಲವೊಮ್ಮೆ ದೊಡ್ಡ ದೊಡ್ಡ ನಷ್ಟಗಳಿಂದ ಕಾಪಾಡುತ್ತದೆ.

ಈಗ ಮಾರಾಟದ ಮಾತು. ಪುಸ್ತಕ ಮಾರುವುದು ಕಷ್ಟವೇ ಅಲ್ಲ. ಮೇ ಕೊನೆಯ ವಾರದಿಂದ ಜೂನ್ ಕೊನೆಯ ತನಕ ಮಲೆನಾಡಿನ ಯಾವ ಅಂಗಡಿಗೆ ಹೋದರೂ ಬೇಡ ಎನ್ನುವವರಿಲ್ಲ. ಗಾಜನೂರು, ಮಂಡಗದ್ದೆ ದಾಟಿ ತೀರ್ಥಹಳ್ಳಿಗೆ, ಕುಂಸಿ, ಆನಂದಪುರದ ಮೇಲೆ ಸಾಗರಕ್ಕೆ, ಆ ಕಡೆ ರಿಪ್ಪನ್‌ಪೇಟೆ, ಹೊಸನಗರಕ್ಕೆ ಬಸ್ಸಿನ ಮೇಲೆ ಬಂಡಲ್ ಹಾಕಿಕೊಂಡು ಹೋಗುತ್ತಿದ್ದೆ. “ಯಜಮಾನ್ರು ಬರ್ಲಿಲ್ವಾ?” ಅಂತ ಕೇಳುವರು. “ನಾನೇ” ಅಂದರೆ “ಓಹೋ” ಅಂತ ನಕ್ಕು ರೇಟಿನಲ್ಲಿ ಮಾತ್ರ ಬಿಡದೆ ಎಳೆಯುವರು. ಸರಕು ಇಳಿಸಿ, ದುಡ್ಡು ಅಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು: “ಅಡಿಕೆ ಆಗ್ಲಿ.”

ಮೊದಮೊದಲು ಇದು ಕೊಡದಿರುವವರ ಸಬೂಬು ಅಂತ ಅನಿಸುತ್ತಿತ್ತು. ಸಬೂಬಲ್ಲ. ಅಂಗಡಿಯವರು ಪುಸ್ತಕವನ್ನು ಬೆಳೆಗಾರರ ಮಕ್ಕಳಿಗೆ, ತೋಟದ ಕೆಲಸಗಾರರ ಮಕ್ಕಳಿಗೆ ಬರೆದುಕೊಂಡೇ ಕೊಟ್ಟಿರುತ್ತಾರೆ. ಆ ದುಡ್ಡು ಬರುವುದು ಡಿಸೆಂಬರ್ ದಾಟಿ. ಶಾಲೆ ತೆರೆಯುವುದು ಜೂನ್‌ನಲ್ಲಿ, ಅಡಿಕೆ ಒಣಗುವುದು ಚಳಿಗಾಲದಲ್ಲಿ. ನಾನು ಕಾಗದಕ್ಕೆ ದುಡ್ಡು ಕೊಡಬೇಕಾದದ್ದು ಜನವರಿ, ಫೆಬ್ರವರಿಯಲ್ಲಿ, ಅದೂ ಮುಂಗಡ. ಲೆಕ್ಕ ಹಾಕಿದರೆ ನಾನು ಹಾಕಿದ ಒಂದು ರೂಪಾಯಿ ಊರೆಲ್ಲ ತಿರುಗಿ ನನ್ನ ಕೈಗೆ ವಾಪಸ್ ಬರಲು ಸುಮಾರು ಒಂದು ವರ್ಷ. ಬ್ಯಾಂಕಿನ ಕಂತು ಮಾತ್ರ ತಿಂಗಳಿಗೊಮ್ಮೆ. ಯೋಜನಾ ವರದಿಯ ಆ ಹನ್ನೆರಡು ಸಮನಾದ ಕಾಲಂಗಳಲ್ಲಿ ನಿಜವಾಗಿ ಎರಡೋ ಮೂರೋ ತುಂಬಿರಬೇಕಿತ್ತು, ಉಳಿದವೆಲ್ಲ ಖಾಲಿ.

ಮಾವನವರು ನನ್ನ ದಂಧೆಯಲ್ಲಿ ತಲೆ ಹಾಕುತ್ತಿರಲಿಲ್ಲ. ಒಂದು ಸಂಜೆ ಅವರಾಗಿಯೇ ನನ್ನ ಖಾತೆ ಪುಸ್ತಕ ಕೇಳಿದರು. ಕನ್ನಡಕ ಏರಿಸಿ, ಬೆರಳಿಗೆ ಉಗುಳು ಮುಟ್ಟಿಸಿ, ಒಂದೊಂದೇ ಅಂಗಡಿಯ ಪುಟ ತಿರುವುತ್ತಾ ಹೋದರು. ನಾನು ದೊಡ್ಡ ಬಾಕಿಗಳ ಮುಂದೆ ಕೆಂಪು ಶಾಯಿಯ ಗುರುತು ಹಾಕಿಟ್ಟಿದ್ದೆ. ಅವರು ಆ ಗುರುತುಗಳನ್ನು ನೋಡಲೇ ಇಲ್ಲ. ಸಾಗರದ ಕಡೆಯ ಒಂದು ಅಂಗಡಿಯ ಪುಟದಲ್ಲಿ ನಿಂತರು. ಆ ಅಂಗಡಿಯವರು ಪ್ರತಿ ಸಲ ಹೋದಾಗಲೂ ಏನಾದರೂ ಕೊಡುತ್ತಿದ್ದವರು, ನಗುತ್ತಾ ಮಾತಾಡಿಸುವವರು, ಕೊಟ್ಟ ದಿನವೇ ಮತ್ತೊಂದಿಷ್ಟು ಸರಕು ಬರೆಸುವವರು. ನನ್ನ ಲೆಕ್ಕದಲ್ಲಿ ಒಳ್ಳೆಯ ಗಿರಾಕಿ. ಇನ್ನೊಬ್ಬರು ತೀರ್ಥಹಳ್ಳಿ ಕಡೆಯವರು, ಗಡುಸು ಮನುಷ್ಯ, ಎಂಟು ತಿಂಗಳು ಒಂದು ಪೈಸೆ ಬಿಚ್ಚದೆ ಸಂಕ್ರಾಂತಿ ಆದ ಮೇಲೆ ಒಂದೇ ಸಲ ಪೂರ್ತಿ ಎಣಿಸಿ ಕೊಡುವವರು. ಮಾವನವರು ಎರಡೂ ಪುಟ ಅಕ್ಕಪಕ್ಕ ಇಟ್ಟು ಹೇಳಿದ್ದು: “ಬಾಕಿ ಎಷ್ಟು ಮೇಲೆ ಹೋಯ್ತು ಅಂತ ನೋಡ್ಬೇಡ, ಎಷ್ಟು ಕೆಳಗೆ ಇಳೀತು ಅಂತ ನೋಡು. ವರ್ಷಕ್ಕೊಂದು ಸಲ ಸೊನ್ನೆ ಮುಟ್ಟಬೇಕು. ಇವನು ಮುಟ್ಟಿದಾನೆ. ಅವನು ಮೂರು ವರ್ಷದಿಂದ ಮುಟ್ಟಿಲ್ಲ.”

ನಿಜ. ನಗುಮುಖದ ಗಿರಾಕಿ ಕೊಡುತ್ತಿದ್ದದ್ದು ನನ್ನ ಸರಕು ಮಾರಿದ ದುಡ್ಡಲ್ಲ, ಮುಂದಿನ ಸರಕು ಸಿಗಲಿ ಎಂಬ ದುಡ್ಡು. ಪ್ರತಿ ವರ್ಷ ಅವರ ತೀರಾ ಕೆಳಗಿನ ಬಾಕಿಯೇ ಹಿಂದಿನ ವರ್ಷದ್ದಕ್ಕಿಂತ ಮೇಲಿತ್ತು. ಮುಂದೆ ಬ್ಯಾಂಕಿನವರ ಜೊತೆ ಮಾತಾಡುವಾಗ, ವ್ಯಾಪಾರದ ಸಾಲ ವರ್ಷದಲ್ಲಿ ಒಮ್ಮೆಯಾದರೂ ಪೂರ್ತಿ ಇಳಿಯಬೇಕು ಎಂದು ನೋಡುವ ಪದ್ಧತಿ ಅವರಲ್ಲೂ ಇದೆ ಎಂದು ಗೊತ್ತಾಯಿತು. ಮಂಡಿಯ ಗುಮಾಸ್ತರು ಅದನ್ನು ಯಾವ ಕೋರ್ಸೂ ಇಲ್ಲದೆ ಕಲಿತಿದ್ದರು. ನಾನು ಬಿ.ಕಾಂ.ನಲ್ಲಿ ಫಸ್ಟ್ ಕ್ಲಾಸು, ಆಯವ್ಯಯದ ಎರಡೂ ಬದಿ ಹೊಂದಿಸಬಲ್ಲೆ, ಈ ಒಂದು ನೋಟ ಮಾತ್ರ ಯಾವ ಪಾಠದಲ್ಲೂ ಇರಲಿಲ್ಲ. ಅಂದಿನಿಂದ ನಾನು ಅಡಿಕೆ ಧಾರಣೆಯನ್ನು ಪೇಪರಿನಲ್ಲಿ ಮೊದಲು ಓದುವವಳಾದೆ. 2000ದ ಆಚೀಚೆ ಧಾರಣೆ ಏರಿದ್ದಷ್ಟೇ ಜೋರಾಗಿ ಕುಸಿದಾಗ ಸೊನ್ನೆ ಮುಟ್ಟುತ್ತಿದ್ದವರೂ ಮುಟ್ಟಲಿಲ್ಲ. ಅವರಿಗೆ ಕಾದೆ. ನಗುಮುಖದವರಿಗೆ ಅಷ್ಟರಲ್ಲಾಗಲೇ ಸರಕು ನಿಲ್ಲಿಸಿಯಾಗಿತ್ತು. ಆ ಅಂಗಡಿ ಆಮೇಲೆ ಮುಚ್ಚಿತು, ನನ್ನದೊಂದಿಷ್ಟು ಅದರೊಳಗೇ ಉಳಿಯಿತು.

ಮಾವನವರಿಂದ ಬಂದ ಇನ್ನೊಂದು ಲಾಭ ಲೆಕ್ಕದ ಪುಸ್ತಕಗಳದ್ದು. ಮಂಡಿಗೆ ಕೀರ್ದಿ, ಖಾತೆ, ಪಟ್ಟಿ ಪುಸ್ತಕ, ಚೀಟಿ ಪುಸ್ತಕ ಅಂತ ವರ್ಷವಿಡೀ ಬೇಕು, ದೀಪಾವಳಿಗೆ ಪೂಜೆಗಿಡಲು ಹೊಸದು ಬೇಕೇ ಬೇಕು. ನಾನು ಮೊದಲು ಮಾಡಿಕೊಟ್ಟ ಖಾತೆ ಪುಸ್ತಕವನ್ನು ಮಂಡಿಯ ಹಿರಿಯ ಗುಮಾಸ್ತರೊಬ್ಬರು ನಡುಪುಟಕ್ಕೆ ತೆರೆದು ಮೇಜಿನ ಮೇಲಿಟ್ಟು ಕೈ ತೆಗೆದರು. ಅದು ತಾನಾಗೇ ಮಡಚಿಕೊಂಡಿತು. “ಒಂದು ಕೈ ಪುಸ್ತಕ ಹಿಡಿಯೋಕೆ ಬೇಕು ಅಂದ್ರೆ ಇನ್ನೊಂದು ಕೈಲಿ ಬರೆಯೋದು ಸರಿ, ಬೀಡಾ ಹಾಕೋದು ಹೇಗೆ?” ಎಂದರು. ತಮಾಷೆಯ ಮಾತು, ಆದರೆ ಪುಸ್ತಕ ಮಟ್ಟಸವಾಗಿ ತೆರೆದು ನಿಲ್ಲಬೇಕು ಎಂಬುದು ತಮಾಷೆಯಲ್ಲ. ದಪ್ಪ ಪುಸ್ತಕವನ್ನು ಒಂದೇ ಕಟ್ಟಾಗಿ ಹೊಲಿಯದೆ ಸಣ್ಣ ಸಣ್ಣ ಮಡಿಕೆಗಳಾಗಿ ಹೊಲಿದು ಬೆನ್ನಿಗೆ ಬಟ್ಟೆ ಕೊಟ್ಟೆವು. ಬೆನ್ನಿನ ಕಡೆಯ ಅಂಚು ಅಗಲ ಮಾಡಿದೆವು. ಮೂಟೆ, ತೂಕ, ಧಾರಣೆ, ಹಮಾಲಿ, ಮುಂಗಡಕ್ಕೆ ಮುರಿದದ್ದು ಅಂತ ಒಂದೊಂದು ಮಂಡಿಗೆ ಒಂದೊಂದು ಥರ ಗೆರೆ. ಈ ಕೆಲಸಕ್ಕೆ ಹೊರಗಿನ ಲಾರಿಯವರು ಪೈಪೋಟಿಗೆ ಬರುವಂತಿರಲಿಲ್ಲ, ಏಕೆಂದರೆ ಅವರಿಗೆ ಗುಮಾಸ್ತರ ಬೈಗುಳ ಕೇಳುವ ವ್ಯವಧಾನವಿಲ್ಲ. ಮಂಡಿಯವರು ಬೆಳೆಗಾರರಿಗೆ ಎಷ್ಟೇ ಉದ್ರಿ ಕೊಡಲಿ, ಪುಸ್ತಕದ ದುಡ್ಡು ಮಾತ್ರ ಕೈಗೇ ಕೊಡುತ್ತಿದ್ದರು. ಲಕ್ಷ್ಮೀಪೂಜೆಯ ಪುಸ್ತಕ ಬಾಕಿ ಇಟ್ಟು ತರಬಾರದು ಎಂಬ ನಂಬಿಕೆ. ಈ ನಂಬಿಕೆ ಎಲ್ಲಿಂದ ಬಂತೋ, ನನ್ನ ಘಟಕ ಉಳಿದದ್ದು ಅದರಿಂದ.

ಕೆಲಸಕ್ಕೆ ಇದ್ದದ್ದು ಹೆಚ್ಚಾಗಿ ಹೆಂಗಸರು. ಈ ಕಸುಬಿನಲ್ಲಿ ಕೂಲಿ ಗ್ರೋಸ್ ಲೆಕ್ಕ, 144 ಪುಸ್ತಕ ಮಡಚಿ ಹೊಲಿದರೆ ಇಷ್ಟು ಅಂತ. ಬಟವಾಡೆ ಶನಿವಾರ, ಅದೂ ಮಾಲೀಕರ ಕೈಯಲ್ಲಿ ಇದ್ದರೆ. ಅಪ್ಪನಿಗೆ ಇದು ಸುತರಾಂ ಸರಿ ಕಾಣಲಿಲ್ಲ. ಅವರು ನಿವೃತ್ತರಾದ ಮೇಲೆ ವಾರದಲ್ಲಿ ಎರಡು ದಿನವಾದರೂ ಬಸ್ಸು ಹತ್ತಿ ಬರುತ್ತಿದ್ದರು. ಆ ಹೆಂಗಸರಿಗೆ ಹಾಳೆ ಎಣಿಸುವುದು ಹೇಳಿಕೊಟ್ಟವರು ಅವರೇ. ರೀಮಿನ ಮೂಲೆ ಹಿಡಿದು ಮಣಿಕಟ್ಟು ಒಂದು ಸಲ ತಿರುಚಿದರೆ ಹಾಳೆಗಳು ಬೀಸಣಿಗೆಯಂತೆ ಬಿಚ್ಚಿಕೊಳ್ಳಬೇಕು, ಬೆರಳುಗಳು ಐದೈದು ಹಾಳೆ ಒಟ್ಟಿಗೆ ದಾಟಿಸುತ್ತಾ ಹೋಗಬೇಕು. ಇಪ್ಪತ್ತು ಸಲ ಆಡಿದರೆ ನೂರು. ಇಪ್ಪತ್ತನಾಲ್ಕು ಹಾಳೆ ಮಡಚಿದರೆ 96 ಪುಟ, ಒಂದು ಹಾಳೆ ಕಡಿಮೆಯಾದರೆ 92. 200 ಪುಟ ಎಂದು ಬರೆದು ರಟ್ಟನ್ನೂ ಸೇರಿಸಿ ಎಣಿಸುವುದು ಈ ದಂಧೆಯಲ್ಲಿ ಹೊಸದೇನಲ್ಲ. ಅಪ್ಪ ಇರುವ ತನಕ ನಮ್ಮಲ್ಲಿ ಅದು ನಡೆಯಲಿಲ್ಲ, ಆಮೇಲೂ ನಡೆಸಲು ಕೈ ಬರಲಿಲ್ಲ. ಅವರು ಹಠ ಹಿಡಿದ ಇನ್ನೊಂದು ವಿಷಯ ಕೂಲಿಯ ದಿನ. ಯಾರಿಗೆ ಬಾಕಿ ನಿಂತರೂ ಸರಿ, ಕೆಲಸದವರಿಗೆ ಹೇಳಿದ ದಿನ ಕೊಡಬೇಕು. ಶನಿವಾರ ದುಡ್ಡಿಲ್ಲದಿದ್ದರೆ ಶುಕ್ರವಾರವೇ ಎಲ್ಲಿಂದಾದರೂ ತರಬೇಕು. ಶಿವಮೊಗ್ಗದ ವ್ಯಾಪಾರಿಗಳು ಇದನ್ನು ಕೇಳಿ ನಕ್ಕರು. ಆದರೆ ಜೂನ್‌ನ ತುರ್ತಿನಲ್ಲಿ, ಬೇರೆ ಕಡೆ ಎರಡು ರೂಪಾಯಿ ಹೆಚ್ಚು ಕೊಡುತ್ತೇವೆ ಎಂದು ಕರೆದಾಗ, ನಮ್ಮ ಶೆಡ್ಡಿನಿಂದ ಯಾರೂ ಹೋಗಲಿಲ್ಲ. ಭದ್ರಾವತಿಯಿಂದ ನಾನು ಶಿವಮೊಗ್ಗಕ್ಕೆ ತಂದ ಒಂದೇ ಒಂದು ಬಂಡವಾಳ ಅಂದರೆ ಈ ತಾರೀಕಿನ ಶಿಸ್ತು.

ಶನಿವಾರದ ದುಡ್ಡು ಎಲ್ಲಿಂದ ಬರುತ್ತಿತ್ತು ಎನ್ನುವುದನ್ನೂ ಹೇಳಬೇಕಲ್ಲ. ಸ್ವಂತ ಉದ್ದಿಮೆ ಕಟ್ಟಿದವರ ಕಥೆಗಳನ್ನು ವಾರಪತ್ರಿಕೆಗಳಲ್ಲಿ ಓದುತ್ತೇನೆ. ಸಾಲ, ಛಲ, ಬೆವರು ಎಲ್ಲ ಇರುತ್ತದೆ, ಮನೆಯಲ್ಲಿ ಒಂದು ಸಂಬಳ ಬರುತ್ತಿತ್ತು ಎನ್ನುವುದು ಮಾತ್ರ ಇರುವುದಿಲ್ಲ. ನಮ್ಮ ಬ್ಯಾಂಕಿನ ಕಂತನ್ನು ಮೊದಲ ವರ್ಷಗಳಲ್ಲಿ ಕಟ್ಟಿದ್ದು ಮೇಷ್ಟರ ಸಂಬಳ. ಅಡಿಕೆ ಆಗುವ ತನಕ ಮನೆ ನಡೆಸಿದ್ದು ಅದೇ. ಸರ್ಕಾರಿ ಸಂಬಳವೊಂದು ಮನೆಯ ಮೂಲೆಯಲ್ಲಿ ನಿಂತಿರದಿದ್ದರೆ ನನ್ನ ಜಾಣತನ, ಅಪ್ಪನ ಕಾಗದ, ಮಾವನ ಸೊನ್ನೆ ಇವೆಲ್ಲ ಎರಡನೆಯ ಮಳೆಗಾಲ ಕಾಣುತ್ತಿರಲಿಲ್ಲ. ನನ್ನ ಜೊತೆ ಅದೇ ಯೋಜನೆಯಲ್ಲಿ ಸಾಲ ಪಡೆದು ಒಳ್ಳೆಯ ಕೆಲಸವನ್ನೇ ಮಾಡುತ್ತಿದ್ದ ಕೆಲವರು ನಿಂತುಹೋದದ್ದು ಕೆಲಸ ಬಾರದೆ ಅಲ್ಲ, ಕಾಯುವ ತಾಕತ್ತು ಸಾಲದೆ.

ರಟ್ಟಿನ ಚಿತ್ರದ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಆಗ ಛಾಪಿಸಿದ ರಟ್ಟುಗಳು ಶಿವಕಾಶಿಯಿಂದ ಬರುತ್ತಿದ್ದವು, ಅದರ ಮೇಲೆ ಯಾವುದೋ ಹಿಮದ ಬೆಟ್ಟ, ನಾಯಿಮರಿ, ಗುಲಾಬಿ. ನನಗೆ ಹುರುಪು ಬಂದು ಜೋಗದ ಚಿತ್ರ ಹಾಕಿಸಿದೆ. ಮಾರಾಟ ಒಂದು ಪುಸ್ತಕ ಹೆಚ್ಚಾಗಲಿಲ್ಲ, ಒಂದು ಕಡಿಮೆಯಾಗಲಿಲ್ಲ. ಅಂಗಡಿಯವರು ನೋಡುವುದು ಕಮಿಷನ್ನು, ಮಕ್ಕಳು ನೋಡುವುದು ಹಿಂದಿನ ರಟ್ಟಿನ ಮಗ್ಗಿ ಇದೆಯೋ ಇಲ್ಲವೋ. ಇದಕ್ಕಿಂತ ತಾಪತ್ರಯದ್ದು ಶಾಲೆಗಳ ಹೆಸರು ಛಾಪಿಸಿ ಕೊಡುವ ಆರ್ಡರು. ಒಂದು ಖಾಸಗಿ ಶಾಲೆ ದೊಡ್ಡ ಆರ್ಡರ್ ಕೊಟ್ಟು, ಸರಕು ಸಿದ್ಧವಾದ ಮೇಲೆ ರೇಟು ಇಳಿಸಿ ಎಂದಿತು. ಅವರ ಲಾಂಛನ ಇರುವ ಪುಸ್ತಕವನ್ನು ನಾನು ಇನ್ನಾರಿಗೆ ಮಾರಲಿ? ಆಮೇಲೆ ಅಂಥ ಆರ್ಡರಿಗೆ ರಟ್ಟು ಛಾಪಿಸುವ ಮೊದಲೇ ಅರ್ಧ ದುಡ್ಡು ಅಂತ ನಿಯಮ ಮಾಡಿದೆ. ಕೆಲವು ಶಾಲೆಗಳು ಬಿಟ್ಟುಹೋದವು.

ಹೊಸ ಶತಮಾನದ ಮೊದಲ ದಶಕದಲ್ಲಿ ಮಂಡಿಗಳಿಗೆ ಕಂಪ್ಯೂಟರ್ ಬಂತು. ಗುಮಾಸ್ತರು ಒಬ್ಬೊಬ್ಬರಾಗಿ ಕಡಿಮೆಯಾದರು, ಖಾತೆ ಪುಸ್ತಕದ ಆರ್ಡರ್ ಪೂಜೆಗೊಂದು ಎಂಬಲ್ಲಿಗೆ ಇಳಿಯಿತು. ಬಿಲ್ ಪುಸ್ತಕ, ರಸೀದಿ ಪುಸ್ತಕ, ಸಹಕಾರ ಸಂಘಗಳ ರಿಜಿಸ್ಟರ್ ಕಡೆ ತಿರುಗಿದೆವು. 2017ರಲ್ಲಿ ಜಿಎಸ್‌ಟಿ ಬಂದಾಗ ಶಾಲಾ ಪುಸ್ತಕಕ್ಕೆ ಶೇಕಡಾ 12, ಲೆಕ್ಕದ ಪುಸ್ತಕಕ್ಕೆ 18 ಆಯಿತು. ಅದೇ ಕಾಗದ, ಅದೇ ಹೊಲಿಗೆ, ಗೆರೆ ಮಾತ್ರ ಬೇರೆ. ತೆರಿಗೆಗಿಂತ ನನಗೆ ಕಷ್ಟವಾದದ್ದು ಅದರ ಕ್ಯಾಲೆಂಡರು. ಸರಕು ಕೊಟ್ಟ ಮುಂದಿನ ತಿಂಗಳೇ ತೆರಿಗೆ ಕಟ್ಟಬೇಕು, ಗಿರಾಕಿಯಿಂದ ದುಡ್ಡು ಅಡಿಕೆ ಆದ ಮೇಲೆ.

ಅಷ್ಟರಲ್ಲಿ ಭದ್ರಾವತಿಯೇ ಅಲುಗಿತ್ತು. ತೊಂಬತ್ತರ ದಶಕದಲ್ಲಿ ನ್ಯೂಸ್‌ಪ್ರಿಂಟ್ ಆಮದು ಮುಕ್ತವಾದಾಗಿನಿಂದ ಎಂಪಿಎಂಗೆ ಏದುಸಿರು. 2015ರಲ್ಲಿ ಉತ್ಪಾದನೆ ನಿಂತಿತು. ಅಪ್ಪ ಅದನ್ನು ನೋಡಲು ಇರಲಿಲ್ಲ. ನಾನು ಕಾಗದವನ್ನು ದಾಂಡೇಲಿ ಕಡೆಯಿಂದ, ತಮಿಳುನಾಡಿನಿಂದ ತರಿಸತೊಡಗಿದೆ. ಮೊದಲ ಬಂಡಲ್ ಬಂದಾಗ ಉದ್ದಕ್ಕೊಂದು ಅಡ್ಡಕ್ಕೊಂದು ಹರಿದು ನೋಡಿ ಕೆಲಸ ಶುರು ಮಾಡಿದೆವು. 2023ರ ಜನವರಿಯಲ್ಲಿ, ಕಬ್ಬಿಣದ ಕಾರ್ಖಾನೆಗೆ ನೂರು ತುಂಬಿದ ತಿಂಗಳಲ್ಲೇ, ಅದನ್ನೂ ಮುಚ್ಚುವ ತೀರ್ಮಾನದ ಸುದ್ದಿ ಬಂತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಕೂತರು. ಆ ವರ್ಷವೇ ಒಂದಿಷ್ಟು ಕೆಲಸ ಮತ್ತೆ ಶುರುವಾಯಿತು ನಿಜ, ಆದರೆ ಗೇಟಿನೊಳಗೆ ಹೋದರೆ ಜೀವನ ದಡ ಸೇರಿತು ಎನ್ನುವ ಮಾತನ್ನು ಊರಲ್ಲಿ ಈಗ ಯಾರೂ ಆಡುವುದಿಲ್ಲ.

ಎಂಪಿಎಂ ನಿಂತ ಮೇಲೆ ಸ್ವಯಂನಿವೃತ್ತಿಯ ದುಡ್ಡು ಹಿಡಿದುಕೊಂಡು ಅಪ್ಪನ ಪರಿಚಯದವರ ಮಕ್ಕಳು, ಅವರ ಕಿರಿಯ ಸಹೋದ್ಯೋಗಿಗಳು ನನ್ನಲ್ಲಿಗೆ ಬರತೊಡಗಿದರು. ಏನಾದರೂ ಮಾಡಬೇಕು, ಏನು ಮಾಡಲಿ ಅಂತ. ಜೆರಾಕ್ಸ್ ಅಂಗಡಿ, ಪ್ರಾವಿಷನ್ ಸ್ಟೋರು, ಬಾಡಿಗೆ ಕಾರು, ಮಾಚೇನಹಳ್ಳಿ ಹತ್ತಿರ ಕ್ಯಾಂಟೀನು. ಬಂದವರು ಬಂಡವಾಳ ಎಷ್ಟು, ಜಾಗ ಎಲ್ಲಿ ಎಂದು ಕೇಳುವ ಮೊದಲು ಕೇಳುತ್ತಿದ್ದದ್ದು, “ತಿಂಗಳಿಗೆ ಎಷ್ಟು ಸಿಗಬಹುದು?” ನಾನು ಆ ಪ್ರಶ್ನೆಗೆ ನಗಲಾರೆ, ಅದು ನನ್ನದೇ ಮನೆಯ ಪ್ರಶ್ನೆ.

ಅವರಲ್ಲಿ ಒಬ್ಬರು ಫಿನಿಶಿಂಗ್ ಹೌಸಿನಲ್ಲಿ ಅಪ್ಪನ ಕೈಕೆಳಗೆ ಕೆಲಸ ಕಲಿತವರು. ನೋಟ್‌ಬುಕ್ಕನ್ನೇ ಮಾಡುತ್ತೇನೆ, ನಿಮ್ಮ ಹತ್ತಿರದ ಹಳೆ ಕಟಿಂಗ್ ಮೆಷಿನ್ ಕೊಡಿ ಎಂದರು. ಕಾಗದ ಎಣಿಸುವುದರಲ್ಲಿ ನನ್ನನ್ನು ಮೀರಿಸುವ ಮನುಷ್ಯ. ನಾನು ಖಾತೆ ಪುಸ್ತಕ ಮುಂದಿಟ್ಟು ಒಂದು ಅಂಗಡಿಯ ಪುಟ ತೋರಿಸಿದೆ. ಜೂನ್‌ನಲ್ಲಿ ಕೊಟ್ಟದ್ದು, ಜನವರಿಯಲ್ಲಿ ಬಂದದ್ದು, ನಡುವಿನ ತಿಂಗಳುಗಳಲ್ಲಿ ಏನೂ ಇಲ್ಲದ್ದು. ಮನೆಯಲ್ಲಿ ಬೇರೆ ಯಾರ ಸಂಬಳ ಇದೆ ಎಂದು ಕೇಳಿದೆ. ಯಾರದೂ ಇರಲಿಲ್ಲ. ಮಗಳು ಓದುತ್ತಿದ್ದಳು, ತಾಯಿಗೆ ಡಯಾಲಿಸಿಸ್ಸು. ಅವರು ಪುಟವನ್ನು ಬಹಳ ಹೊತ್ತು ನೋಡಿ, “ಇಷ್ಟು ದಿನ ಕಾಯೋಕಾಗಲ್ಲ ಅಕ್ಕ” ಎಂದರು. ದುಡ್ಡನ್ನು ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯಲ್ಲಿ ಇಟ್ಟರು. ಒಳ್ಳೆಯ ಕೆಲಸವನ್ನೇ ಮಾಡಿದರು. ಈಗ ಸೀಸನ್ನಿನಲ್ಲಿ, ಮಾರ್ಚಿನಿಂದ ಜೂನ್ ತನಕ, ನಮ್ಮ ಶೆಡ್ಡಿಗೆ ಬರುತ್ತಾರೆ. ಬಟವಾಡೆ ಶನಿವಾರ.